ಕೊಡಗಿನಿಂದ ಹೊರದೇಶಕ್ಕೆ ಇಂಗ್ಲಿಷ್ ಕಲಿಸಲು ಹೊರಟವರಿಗೆ: ಯಾವುದು ಮೊದಲು, ಯಾವುದು ಆಮೇಲೆ

ಹೊರದೇಶದಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಹುಡುಕಿಕೊಂಡು ನಾಪೋಕ್ಲಿನ ನಮ್ಮ ಮನೆಗೆ ಫೈಲು ಹಿಡಿದು ಬರುವವರು ಹೆಚ್ಚಾಗಿ ಒಂದೇ ಕಡೆ ಎಡವಿರುತ್ತಾರೆ. ಅವರ ಇಂಗ್ಲಿಷ್ ಚೆನ್ನಾಗಿರುತ್ತದೆ, ಡಿಗ್ರಿಯೂ ಇರುತ್ತದೆ. ಆದರೆ ಕೊನೆಗೆ ಮಾಡಬೇಕಾದ್ದನ್ನು ಮೊದಲೇ ಮಾಡಿ ಮುಗಿಸಿರುತ್ತಾರೆ. ಕೋರ್ಸಿಗೆ ದುಡ್ಡು ಕಟ್ಟಿಯಾಗಿರುತ್ತದೆ, ಏಜೆಂಟ್‌ಗೆ ಮುಂಗಡ ಹೋಗಿರುತ್ತದೆ. ಆ ದೇಶ ಭಾರತದ ಪಾಸ್‌ಪೋರ್ಟ್‌ಗೆ ಆ ಕೆಲಸವನ್ನೇ ಕೊಡುವುದಿಲ್ಲ ಅನ್ನುವುದು ಆಮೇಲೆ ಗೊತ್ತಾಗುತ್ತದೆ.

ನಾನು 2 ವರ್ಷ ಥಾಯ್ಲೆಂಡಿನಲ್ಲಿ, 3 ವರ್ಷ ಒಮಾನಿನಲ್ಲಿ ಪಾಠ ಮಾಡಿ ಬಂದವಳು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ದುಡ್ಡು ಹಾಕಬೇಡಿ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮಾರ್ಕ್ಸ್ ಕಾರ್ಡ್‌ಗಳ ಮೂಲ ಪ್ರತಿ. ಡಿಗ್ರಿಯ ಕಾನ್ವೊಕೇಶನ್ ಸರ್ಟಿಫಿಕೇಟ್. ಪ್ರೊವಿಷನಲ್ ಸರ್ಟಿಫಿಕೇಟ್ ಸಾಲುವುದಿಲ್ಲ. ಕೊಡಗು ವಿಶ್ವವಿದ್ಯಾಲಯ ಶುರುವಾದದ್ದು 2023ರಲ್ಲಿ. ಅದಕ್ಕೂ ಮೊದಲು ನಮ್ಮ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆಗ ಓದಿ ಇನ್ನೂ ಕಾನ್ವೊಕೇಶನ್ ಸರ್ಟಿಫಿಕೇಟ್ ತೆಗೆಸದೇ ಇದ್ದವರು ಕೊಣಾಜೆಯಲ್ಲಿರುವ ಆ ವಿಶ್ವವಿದ್ಯಾಲಯಕ್ಕೇ ಅರ್ಜಿ ಹಾಕಬೇಕು. ಅದು ಕೈಸೇರಲು ಸಮಯ ಹಿಡಿಯುತ್ತದೆ, ಇವತ್ತೇ ಹಾಕಿಬಿಡಿ.

ಕೆಲಸ ಮಾಡಿದ ಶಾಲೆಯ ಅನುಭವ ಪತ್ರ ಲೆಟರ್‌ಹೆಡ್‌ನಲ್ಲಿ, ಸೇರಿದ ಮತ್ತು ಬಿಟ್ಟ ದಿನಾಂಕದ ಸಮೇತ ಇರಬೇಕು. ಇವನ್ನೆಲ್ಲ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೋ ಕಳಿಸಿದರೆ ಅರ್ಜಿ ಅಲ್ಲೇ ಪಕ್ಕಕ್ಕೆ ಹೋಗುತ್ತದೆ.

## ಹಂತ 1: ನಿಮ್ಮ ಪಾಸ್‌ಪೋರ್ಟ್‌ಗೆ ಯಾವ ದೇಶ ಕೆಲಸ ಕೊಡುತ್ತದೆ ನೋಡಿ

ಫೋಟೋ ನೋಡಿ ದೇಶ ಆರಿಸಬೇಡಿ, ವೀಸಾ ನಿಯಮ ನೋಡಿ ಆರಿಸಿ.

ದಕ್ಷಿಣ ಕೊರಿಯಾ ಎಲ್ಲರ ಬಾಯಲ್ಲೂ ಇರುವ ಹೆಸರು. ಆದರೆ ಅಲ್ಲಿನ ಇಂಗ್ಲಿಷ್ ಶಿಕ್ಷಕರ ಇ-2 ವೀಸಾ ಮುಖ್ಯವಾಗಿ 7 ದೇಶಗಳವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಒಪ್ಪಂದ ನಮಗೂ ಒಂದು ಸಣ್ಣ ಕಿಂಡಿ ತೆರೆಯಿತು. ಅದು ಶಿಕ್ಷಕ ತರಬೇತಿ ಮುಗಿಸಿದವರಿಗೆ, ಅದೂ ಸಹಾಯಕ ಶಿಕ್ಷಕರ ಕೆಲಸಕ್ಕೆ. ಅದನ್ನೊಂದೇ ನಂಬಿ ಕೂರಬೇಡಿ. ಚೀನಾದಲ್ಲೂ ಸಾಮಾನ್ಯವಾಗಿ ಇಂಗ್ಲಿಷ್ ತಾಯ್ನುಡಿಯ ದೇಶಗಳ ಪಾಸ್‌ಪೋರ್ಟ್ ಕೇಳುತ್ತಾರೆ.

ನಮಗೆ ನಿಜವಾಗಿ ದಾರಿ ಇರುವುದು ಈ ಕಡೆಗಳಲ್ಲಿ:

ಕೊಲ್ಲಿ ದೇಶಗಳು. ಯುಎಇ, ಒಮಾನ್, ಕತಾರ್, ಕುವೈತ್, ಬಹ್ರೇನ್, ಸೌದಿ. ಇಲ್ಲಿ ಸಿಬಿಎಸ್‌ಇ ಶಾಲೆಗಳಿವೆ, ಭಾರತದ ಶಿಕ್ಷಕರನ್ನೇ ತೆಗೆದುಕೊಳ್ಳುತ್ತವೆ. ಬಿ.ಎಡ್. ಇದ್ದವರು ಮೊದಲು ನೋಡಬೇಕಾದ ಜಾಗ ಇದು.

ಮಾಲ್ದೀವ್ಸ್. ಶಾಲೆಗಳು ಇಂಗ್ಲಿಷ್ ಮಾಧ್ಯಮದವು. ದಶಕಗಳಿಂದ ನಮ್ಮ ಕಡೆಯ ಶಿಕ್ಷಕರು ಹೋಗುತ್ತಿದ್ದಾರೆ. ಸಣ್ಣ ದ್ವೀಪದಲ್ಲಿ ಒಂಟಿತನ ಜಾಸ್ತಿ. ಗದ್ದೆ, ತೋಟ, ಬಂಧುಬಳಗದ ನಡುವೆ ಬೆಳೆದವರು ಇದನ್ನು ಎರಡು ಸಲ ಯೋಚಿಸಿ.

ಥಾಯ್ಲೆಂಡ್, ವಿಯೆಟ್ನಾಂ. ಡಿಗ್ರಿ, ಬೋಧನೆಯ ಸರ್ಟಿಫಿಕೇಟ್, ಪೊಲೀಸ್ ಕ್ಲಿಯರೆನ್ಸ್, ಜೊತೆಗೆ ಇಂಗ್ಲಿಷ್ ಪರೀಕ್ಷೆಯ ಅಂಕ ಬೇಕಾಗುತ್ತದೆ. ಜಾಹೀರಾತಿನಲ್ಲಿ ‘ನೇಟಿವ್ ಸ್ಪೀಕರ್ಸ್ ಓನ್ಲಿ’ ಅಂತ ಕಂಡರೆ ಬೇಸರಪಡಬೇಡಿ. ದೊಡ್ಡ ಊರುಗಳಲ್ಲಿ ಅದು ಜಾಸ್ತಿ, ಒಳನಾಡಿನ ಶಾಲೆಗಳಲ್ಲಿ ಕಡಿಮೆ. ನನಗೆ ಕೆಲಸ ಸಿಕ್ಕಿದ್ದೂ ಒಳನಾಡಿನಲ್ಲೇ.

ಜಪಾನ್. ಇಂಗ್ಲಿಷ್ ಮಾಧ್ಯಮದಲ್ಲಿ 12 ವರ್ಷ ಓದಿದ ದಾಖಲೆ ಕೇಳುತ್ತಾರೆ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಪ್ರತಿ ಶಾಲೆಯಿಂದಲೂ ಮಾಧ್ಯಮ ದೃಢೀಕರಣ ಪತ್ರ ಬರೆಸಿಟ್ಟುಕೊಳ್ಳಿ.

ಒಂದು ದೇಶ ಮುಖ್ಯ, ಇನ್ನೊಂದು ಬದಲಿ. ಎರಡೇ ಇರಲಿ. ಐದು ದೇಶಕ್ಕೆ ಒಟ್ಟಿಗೆ ಕೈ ಹಾಕಿದರೆ ಕಾಗದದ ಕೆಲಸದಲ್ಲೇ ವರ್ಷ ಕಳೆದುಹೋಗುತ್ತದೆ.

## ಹಂತ 2: ಎಲ್ಲ ಕಾಗದಗಳಲ್ಲಿ ಹೆಸರು ಒಂದೇ ಇದೆಯೇ?

ಕೊಡಗಿನವರು ಹೆಚ್ಚು ಸೋಲುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ನಮ್ಮಲ್ಲಿ ಮನೆ ಹೆಸರು ಮೊದಲು, ಆಮೇಲೆ ತಂದೆಯ ಹೆಸರು, ಕೊನೆಗೆ ನಮ್ಮ ಹೆಸರು. ಕೊಡವರಿಗೂ ಹೀಗೇ, ಅರೆಭಾಷೆ ಗೌಡರಲ್ಲೂ ಮನೆ ಹೆಸರುಂಟು. ಎಸ್ಸೆಸ್ಸೆಲ್ಸಿ ಕಾರ್ಡ್‌ನಲ್ಲಿ ಅದು ‘ಎ.ಬಿ. ದೇಚಮ್ಮ’ ಅಂತ ಇನಿಷಿಯಲ್ ಆಗಿ ಕೂತಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಆಗ ಒಬ್ಬರು ಮನೆ ಹೆಸರನ್ನು ಸರ್‌ನೇಮ್ ಕಾಲಂನಲ್ಲಿ ಹಾಕುತ್ತಾರೆ, ಇನ್ನೊಬ್ಬರು ಎಲ್ಲವನ್ನೂ ಒಂದೇ ಕಾಲಂಗೆ ತುಂಬುತ್ತಾರೆ, ಮತ್ತೊಬ್ಬರು ಸರ್‌ನೇಮ್ ಖಾಲಿ ಬಿಡುತ್ತಾರೆ. ಮದುವೆಯಾದ ಹೆಣ್ಣುಮಕ್ಕಳಿಗೆ ಗಂಡನ ಮನೆ ಹೆಸರು ಬರುತ್ತದೆ. ಆಧಾರ್‌ನಲ್ಲಿ ಒಂದು, ಡಿಗ್ರಿಯಲ್ಲಿ ಇನ್ನೊಂದು.

ಹೊರದೇಶದ ವಲಸೆ ಅಧಿಕಾರಿಗೆ ಒಕ್ಕ, ಮನೆ ಹೆಸರು ಇವೆಲ್ಲ ಹೇಗೆ ಗೊತ್ತಿರಬೇಕು? ಡಿಗ್ರಿಯಲ್ಲಿರುವ ಹೆಸರಿಗೂ ಪಾಸ್‌ಪೋರ್ಟ್‌ನಲ್ಲಿರುವ ಹೆಸರಿಗೂ ತಾಳೆಯಾಗದಿದ್ದರೆ ಅವರ ಲೆಕ್ಕಕ್ಕೆ ಇಬ್ಬರೂ ಬೇರೆ ಬೇರೆ ಜನ. ನನ್ನ ಮೊದಲ ವರ್ಕ್ ಪರ್ಮಿಟ್ ಮೂರು ತಿಂಗಳು ತಡವಾದದ್ದು ಇದರಿಂದಲೇ.

ಮಾಡಬೇಕಾದದ್ದು ಇಷ್ಟು:

1. ಒಂದು ಹಾಳೆಯಲ್ಲಿ ಎಸ್ಸೆಸ್ಸೆಲ್ಸಿ, ಡಿಗ್ರಿ, ಬಿ.ಎಡ್., ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಇವುಗಳಲ್ಲಿ ಹೆಸರು ಹೇಗಿದೆಯೋ ಹಾಗೇ, ಒಂದರ ಕೆಳಗೆ ಒಂದು ಬರೆಯಿರಿ. ಒಂದಕ್ಷರದ ವ್ಯತ್ಯಾಸವನ್ನೂ ಗುರುತು ಮಾಡಿ.
2. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲವಾದರೆ ಒಳ್ಳೆಯದೇ ಆಯಿತು. ಮನೆ ಹೆಸರನ್ನು ಸರ್‌ನೇಮ್ ಕಾಲಂನಲ್ಲಿ, ಉಳಿದದ್ದನ್ನು ಗಿವನ್ ನೇಮ್ ಕಾಲಂನಲ್ಲಿ ಹಾಕಿ. ಸರ್‌ನೇಮ್ ಖಾಲಿ ಬಿಡಬೇಡಿ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ವಿಸಿಟ್ ವೀಸಾ ಕೊಡುವುದನ್ನು ಯುಎಇ 2022ರ ನವೆಂಬರ್‌ನಲ್ಲಿ ನಿಲ್ಲಿಸಿತು.
3. ಇನಿಷಿಯಲ್ ಬಿಡಿಸಿದ್ದರಿಂದ ಮಾತ್ರ ವ್ಯತ್ಯಾಸ ಬಂದಿದ್ದರೆ, ‘ಇಬ್ಬರೂ ಒಬ್ಬರೇ’ ಎನ್ನುವ ಅಫಿಡವಿಟ್ ಅನ್ನು ಛಾಪಾ ಕಾಗದದಲ್ಲಿ ಮಾಡಿಸಿ ನೋಟರಿ ಮಾಡಿಸಿ. ಇಂಗ್ಲಿಷ್‌ನಲ್ಲೇ ಇರಲಿ.
4. ಹೆಸರೇ ಬೇರೆ ಇದ್ದರೆ ಅಫಿಡವಿಟ್ ನಂಬಬೇಡಿ. ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿ, ಎಸ್ಸೆಸ್ಸೆಲ್ಸಿ ಕಾರ್ಡ್‌ಗೆ ಹೊಂದುವಂತೆ ಸರಿಮಾಡಿಸಿ. ಡಿಗ್ರಿ ತಿದ್ದಿಸುವುದಕ್ಕಿಂತ ಇದು ಸುಲಭ.

36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ 1,500 ರೂಪಾಯಿ, 60 ಪುಟದ್ದಕ್ಕೆ 2,000. ಸುತ್ತಾಡುವ ಆಸೆ ಇದ್ದವರು 60 ಪುಟದ್ದನ್ನೇ ತೆಗೆದುಕೊಳ್ಳಿ. ಹತ್ತನೇ ತರಗತಿ ಪಾಸಾದವರಿಗೆ ಎಮಿಗ್ರೇಶನ್ ಕ್ಲಿಯರೆನ್ಸ್ (ಕೆಲಸಕ್ಕೆ ಹೊರದೇಶಕ್ಕೆ ಹೋಗಲು ಸರ್ಕಾರದ ಅನುಮತಿ) ಬೇಕಿಲ್ಲ. ಅರ್ಜಿ ಹಾಕುವಾಗ ಆ ಕಾಲಂ ಸರಿಯಾಗಿ ತುಂಬಿ, ಇಲ್ಲದಿದ್ದರೆ ಕೊಲ್ಲಿಗೆ ಹೋಗುವಾಗ ತೊಂದರೆ.

## ಹಂತ 3: ಯಾವ ಕೋರ್ಸು, ಯಾವ ಪರೀಕ್ಷೆ

ಬಿ.ಎಡ್. ಇದ್ದವರು ಬೇರೆ ಕೋರ್ಸಿಗೆ ದುಡ್ಡು ಹಾಕುವ ಮೊದಲು ಶಾಲೆಗಳಿಗೆ ಅರ್ಜಿ ಹಾಕಿ ನೋಡಿ. ಕೊಲ್ಲಿಯ ಶಾಲೆಗಳಲ್ಲಿ ಟೆಫಲ್‌ಗಿಂತ (ಇಂಗ್ಲಿಷ್ ತಾಯ್ನುಡಿಯಲ್ಲದವರಿಗೆ ಇಂಗ್ಲಿಷ್ ಕಲಿಸುವ ತರಬೇತಿ) ಬಿ.ಎಡ್.ಗೇ ಬೆಲೆ ಜಾಸ್ತಿ.

ಬಿ.ಎಡ್. ಇಲ್ಲದವರಿಗೆ ಕನಿಷ್ಠ 120 ಗಂಟೆಯ ಟೆಫಲ್ ಕೋರ್ಸ್ ಬೇಕು. ಇಡೀ ಜಗತ್ತಿಗೆ ಟೆಫಲ್ ನೋಡಿಕೊಳ್ಳುವ ಒಂದೇ ಸಂಸ್ಥೆ ಅಂತ ಇಲ್ಲ. ಹಾಗಾಗಿ ಕಡಿಮೆ ದುಡ್ಡಿಗೆ ವಾರಾಂತ್ಯದಲ್ಲಿ ಮುಗಿಯುವ ಕೋರ್ಸುಗಳೂ ಅದೇ ಹೆಸರಿನಲ್ಲಿ ಮಾರಾಟಕ್ಕಿವೆ. ನಿಜವಾದ ವಿದ್ಯಾರ್ಥಿಗಳ ಮುಂದೆ ಪಾಠ ಮಾಡಿಸಿ ತಿದ್ದುವ ಕೋರ್ಸ್ ಆರಿಸಿ. ಕೇಂಬ್ರಿಡ್ಜ್‌ನ ಸೆಲ್ಟಾ ಕೋರ್ಸಿನಲ್ಲಿ 6 ಗಂಟೆ ಪಾಠ ಮಾಡಲೇಬೇಕು, ಮೇಲ್ವಿಚಾರಕರು ಕೂತು ನೋಡುತ್ತಾರೆ. ದುಬಾರಿ ಹೌದು. ಐದಾರು ವರ್ಷ ಇದೇ ಕೆಲಸ ಮಾಡುವ ಮನಸ್ಸಿದ್ದರೆ ಮಾತ್ರ ಅದಕ್ಕೆ ಕೈ ಹಾಕಿ.

ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಅಂಕ 2 ವರ್ಷಕ್ಕೆ ಮಾತ್ರ ಮಾನ್ಯ. ಎಷ್ಟೋ ಜನ ಉತ್ಸಾಹದಲ್ಲಿ ಮೊದಲೇ ಬರೆದು, ಉಳಿದ ಕಾಗದ ಸಿದ್ಧವಾಗುವ ಹೊತ್ತಿಗೆ ಅವಧಿ ಕಳೆದುಕೊಂಡಿರುತ್ತಾರೆ. ಹಂತ 2 ಮುಗಿದ ಮೇಲೆ ಬರೆಯಿರಿ.

## ಹಂತ 4: ದೃಢೀಕರಣ

ನಿಮ್ಮ ಡಿಗ್ರಿ ಅಸಲಿ ಅಂತ ಆ ದೇಶ ನಂಬಬೇಕಲ್ವಾ? ಅದಕ್ಕೇ ಈ ಮುದ್ರೆಗಳು. ಭಾರತದಲ್ಲಿ ಅಪೊಸ್ಟೀಲ್ ಒಪ್ಪಂದ (ಒಂದು ದೇಶದ ದೃಢೀಕರಣ ಮುದ್ರೆಯನ್ನು ಇನ್ನೊಂದು ದೇಶ ಹಾಗೇ ಒಪ್ಪುವ ಒಪ್ಪಂದ) 2005ರಿಂದ ಜಾರಿಯಲ್ಲಿದೆ. ನೀವು ಹೋಗುವ ದೇಶವೂ ಅದರಲ್ಲಿದ್ದರೆ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ ಸಾಕು. ಒಮಾನ್, ಬಹ್ರೇನ್, ಸೌದಿ, ಜಪಾನ್ ಅದರಲ್ಲಿವೆ. ಯುಎಇಗೆ ಸಚಿವಾಲಯದ ಮುದ್ರೆಯ ಮೇಲೆ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ಡಿಗ್ರಿಗೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ, ಬೇಕಿದ್ದರೆ ಕೊನೆಗೆ ರಾಯಭಾರ ಕಚೇರಿ. ಈ ಸಾಲು ಹಿಂದುಮುಂದಾದರೆ ಕಾಗದ ವಾಪಸ್ ಬರುತ್ತದೆ. ಸಚಿವಾಲಯದ ಕೆಲಸಕ್ಕೆ ದೆಹಲಿಗೆ ಹೋಗಬೇಕಾಗಿಲ್ಲ, ಬೆಂಗಳೂರಿನಲ್ಲೇ ಆಗುತ್ತದೆ. ಅಪೊಸ್ಟೀಲ್‌ನ ಸರ್ಕಾರಿ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ, ಅದರ ಮೇಲೆ ಕಾಗದ ತೆಗೆದುಕೊಳ್ಳುವ ಏಜೆನ್ಸಿಯ ಸಣ್ಣ ಸೇವಾ ಶುಲ್ಕ. ಯಾರಾದರೂ ಒಂದೊಂದು ಕಾಗದಕ್ಕೆ ಹತ್ತಾರು ಸಾವಿರ ಕೇಳಿದರೆ ಯಾವುದಕ್ಕೆ ಎಷ್ಟು ಅಂತ ಬರೆದುಕೊಡಲು ಹೇಳಿ.

ಕಾಗದವನ್ನು ಲ್ಯಾಮಿನೇಟ್ ಮಾಡಬೇಡಿ! ಮಳೆಗಾಲದ ತೇವಕ್ಕೆ ಹೆದರಿ ನಮ್ಮ ಮನೆಗಳಲ್ಲಿ ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸಿಟ್ಟಿರುತ್ತಾರೆ. ಅದರ ಮೇಲೆ ಮುದ್ರೆ ಹಾಕಲು ಆಗುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಒಣಗಿಸಿದ ಅಕ್ಕಿಯ ಸಣ್ಣ ಗಂಟು ಇಟ್ಟು ಕಾಗದ ಕಾಪಾಡಿಕೊಳ್ಳಿ.

ಪೊಲೀಸ್ ಕ್ಲಿಯರೆನ್ಸ್ ಅನ್ನು ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ 500 ರೂಪಾಯಿ ಕಟ್ಟಿ ತೆಗೆಸಬೇಕು. ಇದನ್ನು ಕೊನೆಗೆ ಮಾಡಿ. ಹೆಚ್ಚಿನ ದೇಶಗಳು ಮೂರರಿಂದ ಆರು ತಿಂಗಳೊಳಗಿನದ್ದನ್ನೇ ಒಪ್ಪುತ್ತವೆ. ಕೆಲಸದ ಪತ್ರ ಬಂದ ವಾರವೇ ಅರ್ಜಿ ಹಾಕಿದರೆ ಸರಿ.

## ಹಂತ 5: ಅರ್ಜಿ, ಸಂದರ್ಶನ, ಡೆಮೊ ಪಾಠ

ಅರ್ಜಿ ಹಾಕುವ ಕಾಲ ಶಾಲಾ ವರ್ಷದ ಮೇಲಿದೆ. ಥಾಯ್ಲೆಂಡಿನಲ್ಲಿ ಶಾಲೆ ಶುರುವಾಗುವುದು ಮೇ ತಿಂಗಳಲ್ಲಿ, ಎರಡನೇ ಅವಧಿ ನವೆಂಬರ್‌ನಲ್ಲಿ. ಕೊಲ್ಲಿಯ ಸಿಬಿಎಸ್‌ಇ ಶಾಲೆಗಳಿಗೆ ಏಪ್ರಿಲ್, ಬ್ರಿಟಿಷ್ ಪಠ್ಯದ ಶಾಲೆಗಳಿಗೆ ಆಗಸ್ಟ್ ಕೊನೆ. ವಿಯೆಟ್ನಾಂಗೆ ಸೆಪ್ಟೆಂಬರ್. ಇದಕ್ಕೆ ಮೂರು ನಾಲ್ಕು ತಿಂಗಳ ಮೊದಲೇ ಅರ್ಜಿ ಹೋಗಬೇಕು. ಕಾಫಿ ಕುಯ್ಲು ಮುಗಿಯಲಿ, ಆಮೇಲೆ ನೋಡೋಣ ಅಂತ ಕೂತರೆ ಏಪ್ರಿಲ್‌ನ ಕೆಲಸಗಳೆಲ್ಲ ತುಂಬಿಹೋಗಿರುತ್ತವೆ.

ಸಂದರ್ಶನದ ಸಮಯ ಅವರದ್ದೋ ನಮ್ಮದೋ ಕೇಳಿ ಬರೆದುಕೊಳ್ಳಿ. ಥಾಯ್ಲೆಂಡ್, ವಿಯೆಟ್ನಾಂ ನಮಗಿಂತ ಒಂದೂವರೆ ಗಂಟೆ ಮುಂದೆ, ಜಪಾನ್ ಮೂರೂವರೆ ಗಂಟೆ ಮುಂದೆ. ಒಮಾನ್, ಯುಎಇ ಒಂದೂವರೆ ಗಂಟೆ ಹಿಂದೆ.

ಮಳೆಗಾಲದಲ್ಲಿ ಸಂದರ್ಶನವಿದ್ದರೆ ತೋಟದ ಮನೆಯಿಂದ ಮಾತಾಡಬೇಡಿ. ಒಂದು ಮರ ಲೈನಿನ ಮೇಲೆ ಬಿದ್ದರೆ ಎರಡು ದಿನ ಕರೆಂಟಿಲ್ಲ, ಟವರ್ರೂ ಇಲ್ಲ. ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ನೆಂಟರ ಮನೆಗೆ ಹಿಂದಿನ ದಿನವೇ ಹೋಗಿರಿ.

ಡೆಮೊ ಪಾಠದಲ್ಲಿ ನಮ್ಮವರು ಬಹಳ ಜನ ಬೀಳುತ್ತಾರೆ. ನಾವು ಕಲಿತದ್ದು ಮೇಷ್ಟ್ರು ಮಾತಾಡುವುದು, ಮಕ್ಕಳು ಕೇಳುವುದು. ಅವರಿಗೆ ಬೇಕಾದದ್ದು ಮಕ್ಕಳು ಮಾತಾಡುವುದು. 20 ನಿಮಿಷದಲ್ಲಿ ‘ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸ್’ ವಿವರಿಸಲು ಹೊರಟರೆ ಆರನೇ ನಿಮಿಷಕ್ಕೇ ಅವರು ತೀರ್ಮಾನ ಮಾಡಿರುತ್ತಾರೆ.

ಹೀಗೆ ಮಾಡಿ. ಒಂದೇ ಒಂದು ಸಣ್ಣ ಗುರಿ ಇಟ್ಟುಕೊಳ್ಳಿ. ಉದಾಹರಣೆಗೆ, ಅಂಗಡಿಯಲ್ಲಿ ಬೆಲೆ ಕೇಳುವುದು. ಮೊದಲ ಎರಡು ನಿಮಿಷ ಒಂದು ಬಾಳೆಗೊನೆ, ಒಂದು ಕಿತ್ತಳೆ ತೋರಿಸಿ ಪದಗಳನ್ನು ಅವರ ಬಾಯಿಂದಲೇ ಹೊರಡಿಸಿ. ಮೂರು ನಿಮಿಷ ಒಂದು ವಾಕ್ಯ ಹೇಳಿಕೊಡಿ, ಎಲ್ಲರೂ ಒಟ್ಟಿಗೆ ಹೇಳಲಿ, ಆಮೇಲೆ ಒಬ್ಬೊಬ್ಬರೇ. ಉಳಿದ ಸಮಯವೆಲ್ಲ ಇಬ್ಬಿಬ್ಬರು ಸೇರಿ ಮಾರುವವ, ಕೊಳ್ಳುವವ ಆಗಿ ಮಾತಾಡಲಿ. ನೀವು ತಿರುಗಾಡುತ್ತಾ ತಪ್ಪು ಬರೆದುಕೊಳ್ಳಿ, ಕೊನೆಯ ಮೂರು ನಿಮಿಷದಲ್ಲಿ ಯಾರ ಹೆಸರೂ ಹೇಳದೆ ಬೋರ್ಡಿನ ಮೇಲೆ ತಿದ್ದಿ. ಕಂಪ್ಯೂಟರ್ ಮುಂದೆ ಡೆಮೊ ಆದರೂ ಇದೇ ಕ್ರಮ. ನೋಡುವವರನ್ನೇ ಮಕ್ಕಳು ಅಂದುಕೊಂಡು ಮಾತಾಡಿಸಿ.

ಉಚ್ಚಾರಣೆ ಬಗ್ಗೆ ಎರಡು ಮಾತು. ಕನ್ನಡದಲ್ಲಿ ‘ವ’ ಒಂದೇ. ಹಾಗಾಗಿ ‘ವೆಟ್’ ಅನ್ನುವಾಗ ಪಶುವೈದ್ಯರೋ ಒದ್ದೆಯೋ ಅಂತ ಅವರಿಗೆ ತಿಳಿಯುವುದಿಲ್ಲ. ಪಶುವೈದ್ಯರಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಒದ್ದೆಗೆ ತುಟಿ ದುಂಡಗಾಗಬೇಕು. ‘ಎಗ್’ ಅನ್ನುವುದು ‘ಯೆಗ್’ ಆಗದಿರಲಿ. ಕನ್ನಡಿ ಮುಂದೆ ದಿನಾ ಹತ್ತು ನಿಮಿಷ ಸಾಕು. ‘ಡೂ ದ ನೀಡ್‌ಫುಲ್’, ‘ಪ್ರಿಪೋನ್’, ‘ಪಾಸ್ಡ್ ಔಟ್ ಇನ್ 2018’ ಇವು ನಮ್ಮಲ್ಲಿ ಮಾತ್ರ ಸಲೀಸು. ಅರ್ಜಿಯಿಂದ ತೆಗೆಯಿರಿ. ‘ಪಾಸ್ಡ್ ಔಟ್’ ಅಂದರೆ ಅವರಿಗೆ ಮೂರ್ಛೆ ಹೋಗಿದ್ದು ಅಂತ ಅರ್ಥ.

## ಹಂತ 6: ಕರಾರು ಪತ್ರ ಮತ್ತು ಏಜೆಂಟ್

ಕರಾರಿನಲ್ಲಿ ಈ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಇರಬೇಕು. ಸಂಬಳ ಕಡಿತಕ್ಕೆ ಮೊದಲಿನದ್ದೋ ಕೈಗೆ ಬರುವುದೋ? ರಜೆಯ ತಿಂಗಳಿಗೆ ಸಂಬಳ ಉಂಟೋ? ವಾರಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಶಾಲೆಯಲ್ಲಿ ಇರಬೇಕು? ಮನೆ ಯಾರು ಕೊಡುತ್ತಾರೆ? ವಿಮಾನದ ಟಿಕೆಟ್, ವೀಸಾ ಖರ್ಚು ಯಾರದ್ದು? ಮಧ್ಯದಲ್ಲಿ ಬಿಟ್ಟರೆ ದಂಡ ಎಷ್ಟು? ‘ಬಂದ ಮೇಲೆ ಮಾತಾಡೋಣ’ ಅಂದರೆ ಅದು ಇಲ್ಲ ಅಂತಲೇ ಲೆಕ್ಕ ಹಾಕಿ.

ಏಜೆಂಟ್ ಮೂಲಕ ಹೋಗುವುದಾದರೆ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ನೋಂದಣಿ ಸಂಖ್ಯೆ ಹಾಕಿ ನೋಡಿ. ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಕಾನೂನಿನ ಮಿತಿ ಇದೆ: 30,000 ರೂಪಾಯಿ ಮತ್ತು ಜಿಎಸ್‌ಟಿ. ರಸೀದಿ ಕೊಡಲೇಬೇಕು. ನಮಗೆ ಗೊತ್ತಿರುವ ಒಬ್ಬ ಹುಡುಗಿಯ ಮನೆಯವರು ಕರಿಮೆಣಸು ಮಾರಿ ಒಂದೂವರೆ ಲಕ್ಷ ಕೊಟ್ಟರು. ರಸೀದಿ ಇಲ್ಲ. ಟೂರಿಸ್ಟ್ ವೀಸಾದಲ್ಲಿ ಕಳಿಸಿದರು. ಆರು ವಾರಕ್ಕೆ ವಾಪಸ್ ಬಂದಳು. ಅವಳ ತಪ್ಪು ಏನೂ ಇರಲಿಲ್ಲ, ಯಾರೂ ಮೊದಲೇ ಹೇಳಿರಲಿಲ್ಲ ಅಷ್ಟೇ.

ಈ ಲಕ್ಷಣ ಕಂಡರೆ ಅಲ್ಲಿಗೇ ನಿಲ್ಲಿಸಿ:

- ‘ಟೂರಿಸ್ಟ್ ವೀಸಾದಲ್ಲಿ ಬನ್ನಿ, ಅಲ್ಲಿ ಬದಲಾಯಿಸೋಣ.’
- ಡೆಮೊ ಇಲ್ಲ, ಡಿಗ್ರಿ ಕೇಳಲಿಲ್ಲ, ಹತ್ತು ನಿಮಿಷದ ವಾಟ್ಸ್ಆ್ಯಪ್ ಮಾತಲ್ಲೇ ಕೆಲಸ ಖಾತ್ರಿ.
- ಶಾಲೆಯ ವಿಳಾಸವಿಲ್ಲ. ಅಲ್ಲಿ ಈಗ ಇರುವ ಶಿಕ್ಷಕರೊಂದಿಗೆ ಮಾತಾಡಿಸಿ ಅಂದರೆ ನೆಪ ಹೇಳುತ್ತಾರೆ.
- ಮೂಲ ಸರ್ಟಿಫಿಕೇಟ್, ಪಾಸ್‌ಪೋರ್ಟ್ ಅವರ ಹತ್ತಿರವೇ ಇರಬೇಕು ಅನ್ನುತ್ತಾರೆ.
- ಬ್ಯಾಂಕಾಕ್‌ಗೆ ಟಿಕೆಟ್ ಕೊಟ್ಟು, ಅಲ್ಲಿಂದ ಕಾರಿನಲ್ಲಿ ಗಡಿಯ ಮೇ ಸೊಟ್ ಕಡೆಗೆ ಅನ್ನುತ್ತಾರೆ.

ಕೊನೆಯದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಥಾಯ್ಲೆಂಡಿನ ಕೆಲಸ ಅಂತ ನಂಬಿಸಿ ಮ್ಯಾನ್ಮಾರ್ ಗಡಿಯಾಚೆ ಸಾಗಿಸಿ, ಆನ್‌ಲೈನ್ ವಂಚನೆಯ ಕೆಲಸಕ್ಕೆ ಕೂಡಿಹಾಕುವ ಜಾಲಗಳಿವೆ. ಚೆನ್ನಾಗಿ ಇಂಗ್ಲಿಷ್ ಬರುವ ಹುಡುಗ ಹುಡುಗಿಯರೇ ಅವರಿಗೆ ಬೇಕು. ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಕೆ ಕೊಟ್ಟಿತ್ತು. 2025ರ ಮಾರ್ಚ್‌ನಲ್ಲಿ ಅಲ್ಲಿ ಸಿಕ್ಕಿಬಿದ್ದಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು.

## ಹಂತ 7: ವೀಸಾ

ಕೆಲಸದ ವೀಸಾ ಇಲ್ಲಿಂದಲೇ ಆಗಲಿ. ಥಾಯ್ಲೆಂಡಿಗೆ ಅದು ನಾನ್-ಇಮಿಗ್ರೆಂಟ್ ಬಿ. ಮೊದಲು 90 ದಿನಕ್ಕೆ ಕೊಡುತ್ತಾರೆ, ವರ್ಕ್ ಪರ್ಮಿಟ್ ಆದ ಮೇಲೆ ವರ್ಷಕ್ಕೆ ವಿಸ್ತರಿಸುತ್ತಾರೆ. ಕೊಲ್ಲಿಯಲ್ಲಿ ಶಾಲೆಯೇ ವೀಸಾ ಕಳಿಸುತ್ತದೆ. ವೀಸಾ ಕೈಗೆ ಬರುವ ಮೊದಲು ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ವಿಮಾನದ ಟಿಕೆಟ್ಟೂ ಬೇಡ.

## ಹಂತ 8: ಹಣ, ತೋಟ, ಮನೆಯವರು

ಎರಡು ಮೂರು ತಿಂಗಳ ಖರ್ಚಿನ ಹಣ ನಿಮ್ಮದೇ ಆಗಿರಬೇಕು. ಮೊದಲ ಸಂಬಳ ತಿಂಗಳು ಕಳೆದ ಮೇಲೆ ಬರುತ್ತದೆ. ಥಾಯ್ಲೆಂಡಿನಲ್ಲಿ ಬಾಡಿಗೆ ಮನೆಗೆ ಸಾಮಾನ್ಯವಾಗಿ ಎರಡು ತಿಂಗಳ ಠೇವಣಿ, ಒಂದು ತಿಂಗಳ ಮುಂಗಡ.

ಅನಿವಾಸಿ ಆದ ಮೇಲೆ ನಿಮ್ಮ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಯ ಇಲ್ಲಿನ ಆದಾಯಕ್ಕೆ) ಬದಲಾಯಿಸಬೇಕು. ಸಂಬಳ ಕಳಿಸಲು ಎನ್‌ಆರ್‌ಇ ಖಾತೆ. ಹೊರಡುವ ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡಿ.

ನಮ್ಮಲ್ಲಿ ತುಂಬ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ: ಅನಿವಾಸಿಯಾಗಿ ಇರುವಾಗ ಕೃಷಿ ಭೂಮಿ, ತೋಟ ಕೊಂಡುಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು, ಮೊದಲೇ ಇದ್ದದ್ದನ್ನು ಇಟ್ಟುಕೊಳ್ಳಬಹುದು. ಅಲ್ಲಿ ದುಡಿದು ಪಕ್ಕದ ನಾಲ್ಕು ಎಕರೆ ಕೊಳ್ಳೋಣ ಅನ್ನುವ ಲೆಕ್ಕ ಇದ್ದವರು ಇದನ್ನು ಮೊದಲೇ ತಿಳಿದಿರಬೇಕು. ಪಾಲು, ಪೌತಿ ಖಾತೆ ಬಾಕಿ ಇದ್ದರೆ ನಂಬಿಕೆಯವರಿಗೆ ಪವರ್ ಆಫ್ ಅಟಾರ್ನಿ ಕೊಟ್ಟು ಹೊರಡಿ.

## ಹಂತ 9: ಚೀಲ ಕಟ್ಟುವುದು, ವಿಮಾನ ನಿಲ್ದಾಣ ಮುಟ್ಟುವುದು

ಮನೆಯಲ್ಲಿ ಇದ್ದ ಹಳೆಯ ಚೀಲ ತೆಗೆದುಕೊಂಡು ಹೋಗುವುದಾದರೆ ಪ್ರತಿ ಜೇಬನ್ನೂ ಬಗ್ಗಿಸಿ ನೋಡಿ. ಕೋವಿ ಇರುವ ಮನೆಗಳು ನಮ್ಮವು. ತೋಟಕ್ಕೋ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೋ ಹೋಗಿ ಬಂದ ಚೀಲದ ಮೂಲೆಯಲ್ಲಿ ಒಂದು ಕಾಡತೂಸು ಉಳಿದಿದ್ದರೆ ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ, ಪೊಲೀಸ್ ಕೇಸಾಗುತ್ತದೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ಇರುವ ವಿನಾಯಿತಿ ಅಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ. ಹೊಸ ಚೀಲ ಕೊಂಡರೆ ಇನ್ನೂ ಒಳ್ಳೆಯದು.

ಊಟದ ವಿಷಯದಲ್ಲಿ ಅವ್ವನ ಮನಸ್ಸು ನೋಯಿಸಲು ಆಗುವುದಿಲ್ಲ, ಆದರೂ ಹೇಳಲೇಬೇಕು. ಹಂದಿ ಉಪ್ಪಿನಕಾಯಿ ಬೇಡ. ಜಪಾನ್, ಕೊರಿಯಾ ಮಾಂಸ ಪದಾರ್ಥ ಒಳಗೆ ಬಿಡುವುದಿಲ್ಲ, ಜಪಾನಿನಲ್ಲಿ ಜೈಲಿನವರೆಗೂ ಹೋಗಬಹುದು. ಮಾಲ್ದೀವ್ಸ್‌ಗೆ ಹಂದಿಮಾಂಸ, ಮನೆಯಲ್ಲಿ ಮಾಡಿದ ವೈನು ಎರಡೂ ನಿಷಿದ್ಧ. ಮಸಾಲೆ ಡಬ್ಬಿಯಿಂದ ಗಸಗಸೆ ತೆಗೆಯಿರಿ. ಯುಎಇ, ಸೌದಿಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಕಾಚಂಪುಳಿಯನ್ನು ಬಿಗಿ ಮುಚ್ಚಳದ ಸಣ್ಣ ಬಾಟಲಿಯಲ್ಲಿ ಹಾಕಿ, ಎರಡು ಪದರ ಕವರ್ ಸುತ್ತಿ ಲಗೇಜಿನಲ್ಲಿ ಇಡಿ. ಕಾಫಿಪುಡಿ ಸೀಲ್ ಮಾಡಿದ ಪೊಟ್ಟಣದಲ್ಲಿರಲಿ. ಮಾತ್ರೆಗಳಿಗೆ ವೈದ್ಯರ ಚೀಟಿ ಜೊತೆಗಿರಲಿ. ಕೊಡೀನ್ ಇರುವ ಕೆಮ್ಮಿನ ಔಷಧ ಯುಎಇಗೆ ಬೇಡವೇ ಬೇಡ.

ಕೊಡಗಿಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಕೊಲ್ಲಿಗೆ ಹೋಗುವವರಿಗೆ, ಅದರಲ್ಲೂ ವಿರಾಜಪೇಟೆ ಕಡೆಯವರಿಗೆ, 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ನಿಲ್ದಾಣ ಹತ್ತಿರ. ದಾರಿ ಮಾಕುಟ್ಟ ಘಾಟಿಯದ್ದು. ಜೂನ್‌ನಿಂದ ಆಗಸ್ಟ್‌ವರೆಗೆ ಯಾವ ಘಾಟಿಯನ್ನೂ ನಂಬಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ದಾರಿಯೇ ಮುಚ್ಚಿಹೋಗಿತ್ತು. ಮಳೆಗಾಲದಲ್ಲಿ ಹಿಂದಿನ ದಿನವೇ ಘಾಟಿ ಇಳಿದು ಅಲ್ಲೇ ಉಳಿದುಕೊಳ್ಳಿ.

## ಹಂತ 10: ಮೊದಲ ತಿಂಗಳು

ಇಳಿದ ವಾರದಲ್ಲೇ ಭಾರತೀಯ ರಾಯಭಾರ ಕಚೇರಿಯ ವೆಬ್‌ಸೈಟ್‌ನಲ್ಲಿ ಹೆಸರು ನೋಂದಾಯಿಸಿ. ತೊಂದರೆಯಾದರೆ ದೂರು ಕೊಡಲು ಮದದ್ ಪೋರ್ಟಲ್ ಇದೆ.

ಥಾಯ್ಲೆಂಡಿನಲ್ಲಿ ನೀವಿರುವ ವಿಳಾಸವನ್ನು ಮನೆಯ ಮಾಲೀಕರು ವಲಸೆ ಕಚೇರಿಗೆ ತಿಳಿಸಬೇಕು. ಅವರು ಮರೆತರೆ ವೀಸಾ ವಿಸ್ತರಿಸುವಾಗ ತಾಪತ್ರಯ ನಿಮಗೆ. ಆಮೇಲೆ 90 ದಿನಕ್ಕೊಮ್ಮೆ ನೀವೇ ವರದಿ ಮಾಡಬೇಕು. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್ ದಂಡ. ಯುಎಇಯಲ್ಲಿ ಶಾಲೆಯವರು ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ವೀಸಾ ಕೆಲಸಕ್ಕೆ ತೆಗೆದುಕೊಂಡರೆ ಯಾವಾಗ ವಾಪಸ್ ಅಂತ ಬರೆಸಿಕೊಳ್ಳಿ.

ಮೂರನೇ ವಾರಕ್ಕೆ ಮನಸ್ಸು ಕುಗ್ಗುತ್ತದೆ. ಎಲ್ಲರಿಗೂ ಆಗುತ್ತದೆ. ಆ ವಾರ ಯಾವ ದೊಡ್ಡ ತೀರ್ಮಾನವನ್ನೂ ತೆಗೆದುಕೊಳ್ಳಬೇಡಿ. ಸುಮ್ನೆ ಒಂದು ಕಪ್ ಕಾಫಿ ಮಾಡಿಕೊಂಡು ಮನೆಗೆ ಫೋನ್ ಹಚ್ಚಿ.

## ಹಂತ 11: ರಜೆಯಲ್ಲಿ ಸುತ್ತಾಟ

ಥಾಯ್ಲೆಂಡಿನಿಂದ ಪಕ್ಕದ ಲಾವೋಸ್‌ಗೋ ಊರಿಗೋ ಹೊರಡುವ ಮೊದಲು ರೀ-ಎಂಟ್ರಿ ಪರ್ಮಿಟ್ ಮಾಡಿಸಿ. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಆದರೆ 3,800. ಇಲ್ಲದೆ ಗಡಿ ದಾಟಿದರೆ ವೀಸಾ ಅಲ್ಲಿಗೇ ರದ್ದು. ಮತ್ತೆ ಮೊದಲಿನಿಂದ ಶುರು. ನನ್ನ ಜೊತೆಯ ಶಿಕ್ಷಕರೊಬ್ಬರು ಒಂದು ವಾರಾಂತ್ಯದ ಪ್ರವಾಸಕ್ಕೆ ಹೀಗೇ ಕೆಲಸ ಕಳೆದುಕೊಂಡರು.

ಬೈಕ್ ಓಡಿಸುವ ಆಸೆ ಇದ್ದವರು ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡೇ ಹೊರಡಿ. ಒಂದು ವರ್ಷಕ್ಕೆ ಸಿಗುತ್ತದೆ. ದ್ವಿಚಕ್ರದ ವರ್ಗ ಅದರಲ್ಲಿ ನಮೂದಾಗಿರಬೇಕು. ಪರವಾನಗಿ ಇಲ್ಲದೆ ಬಿದ್ದರೆ ವಿಮೆಯವರು ಆಸ್ಪತ್ರೆ ಖರ್ಚು ಕೊಡುವುದಿಲ್ಲ.

ಥಾಯ್ ಶಾಲೆಗಳ ಅಕ್ಟೋಬರ್ ರಜೆ ಕಾವೇರಿ ಸಂಕ್ರಮಣದ ಹೊತ್ತಿಗೇ ಬರುತ್ತದೆ. ತಲಕಾವೇರಿಗೆ ಬರಬೇಕೆನ್ನುವವರು ಜುಲೈನಲ್ಲೇ ಟಿಕೆಟ್ ನೋಡಿ. ಪುತ್ತರಿಗೆ ಮಾತ್ರ ರಜೆ ಸಿಗುವುದು ಕಷ್ಟ.

ವಿಯೆಟ್ನಾಂನಲ್ಲಿ ಇರುವವರು ದಾಕ್ ಲಾಕ್ ಪ್ರಾಂತ್ಯದ ಬುವೋನ್ ಮಾ ಥುವೋಟ್ ನೋಡದೆ ಬರಬೇಡಿ. ಜಗತ್ತಿನಲ್ಲಿ ಅತಿ ಹೆಚ್ಚು ರೊಬಸ್ಟಾ ಕಾಫಿ ಬೆಳೆಯುವ ದೇಶ ವಿಯೆಟ್ನಾಂ. ಹೂವಿಗೆ ನೀರು ಕೊಡುವ ಕಾಲಕ್ಕೆ ಹೋದರೆ ಅವರ ತೋಟಕ್ಕೂ ನಮ್ಮ ತೋಟಕ್ಕೂ ಏನು ವ್ಯತ್ಯಾಸ ಅಂತ ಕಣ್ಣಾರೆ ಕಾಣಬಹುದು. ಒಮಾನಿನಲ್ಲಿದ್ದರೆ ಜುಲೈ, ಆಗಸ್ಟ್‌ನಲ್ಲಿ ಸಲಾಲಾಗೆ ಹೋಗಿ. ಮರಳುಗಾಡಿನ ದೇಶದಲ್ಲಿ ಆ ಬೆಟ್ಟಗಳಷ್ಟೇ ಮಂಜು ಮುಸುಕಿ, ಹಸಿರಾಗಿ, ಜಿಟಿಜಿಟಿ ಹನಿಯುತ್ತಿರುತ್ತವೆ. ಅದನ್ನು ಅಲ್ಲಿ ಖರೀಫ್ ಅನ್ನುತ್ತಾರೆ. ನಮ್ಮ ಮಳೆ ತರುವ ನೈಋತ್ಯ ಮಾರುತದ್ದೇ ಒಂದು ಅಂಚು ಅದು. ಮೊದಲ ಸಲ ಹೋದಾಗ ಕಾರು ನಿಲ್ಲಿಸಿ ಬಹಳ ಹೊತ್ತು ಸುಮ್ನೆ ನೆನೆಯುತ್ತಾ ನಿಂತಿದ್ದೆ.

## ಹಂತ 12: ವಾಪಸ್ ಹೊರಡುವ ಮೊದಲು

ಅನುಭವ ಪತ್ರ, ಕೊನೆಯ ಸಂಬಳದ ಚೀಟಿ, ಬರಬೇಕಾದ ಬಾಕಿಯ ಲೆಕ್ಕ ಇವನ್ನು ವಿಮಾನ ಹತ್ತುವ ಮೊದಲೇ ತೆಗೆದುಕೊಳ್ಳಿ. ವೀಸಾ, ವರ್ಕ್ ಪರ್ಮಿಟ್ ರದ್ದಾದ ಕಾಗದವೂ ಬೇಕು. ರದ್ದಾಗದೆ ಉಳಿದರೆ ಅದೇ ದೇಶದಲ್ಲಿ ಮುಂದಿನ ಕೆಲಸಕ್ಕೆ ಅಡ್ಡಿ.

ಮತ್ತೆ ಆ ದೇಶದ ಪೊಲೀಸ್ ಕ್ಲಿಯರೆನ್ಸ್. ಮುಂದೆ ಇನ್ನೊಂದು ದೇಶಕ್ಕೆ ಹೋಗುವಾಗ ಹಿಂದೆ ಇದ್ದ ದೇಶದ್ದನ್ನೂ ಕೇಳುತ್ತಾರೆ. ಅಲ್ಲಿರುವಾಗ ಬೇಗ ಸಿಗುವ ಕಾಗದ ಊರಿಗೆ ಬಂದ ಮೇಲೆ ಬೆರಳಚ್ಚು, ರಾಯಭಾರ ಕಚೇರಿ, ಅಂಚೆ ಅಂತ ತಿಂಗಳುಗಟ್ಟಲೆ ಎಳೆಯುತ್ತದೆ. ಕೊನೆಯ ತಿಂಗಳ ಮೊದಲ ವಾರದಲ್ಲೇ ಅರ್ಜಿ ಹಾಕಿ, ಎರಡು ಮೂಲ ಪ್ರತಿ ಕೇಳಿ.